ಲಿನಕ್ಸ್ ಗಣಕದ ಸೆಷನ್ ಕೋಶಗಳು: ಒಂದು ವಿಮರ್ಶೆ

೧

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಒಳವ್ಯವಸ್ಥೆಯನ್ನು ಕುರಿತ ವಿಮರ್ಶೆಗೆ ಸ್ಥಳವುಂಟೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ ಸರಿ. ಆದರೆ ಆಕರಗಳು ಎಲ್ಲಿ ಇವೆ, ಯಾರ ವಶದಲ್ಲಿವೆ, ಎಷ್ಟು ಕಾಲ ಉಳಿಯತಕ್ಕವು ಎಂಬುದನ್ನು ವಿಚಾರಿಸುವುದು ಇತಿಹಾಸಕಾರನ ಮೊದಲ ಕರ್ತವ್ಯ. ನಮ್ಮ ಟಿಪ್ಪಣಿಗಳೂ ಪಾಠಾಂತರಗಳೂ ಶಾಸನಗಳ ಛಾಯಾಚಿತ್ರಗಳೂ ಈಗ ಗಣಕದಲ್ಲಿಯೇ ಹುಟ್ಟಿ ಗಣಕದಲ್ಲಿಯೇ ಬೆಳೆಯುತ್ತಿವೆ. ಹೀಗಿರಲಾಗಿ, ಆ ಯಂತ್ರದ ಕಪಾಟುಗಳ ಗುಣದೋಷಗಳನ್ನು ಅರಿಯದಿರುವುದೆಂದರೆ ಪತ್ರಾಗಾರದ ಬೀಗದಕೈ ಯಾರಲ್ಲಿದೆಯೆಂದು ತಿಳಿಯದೆ ಅಲ್ಲಿ ಕೆಲಸಮಾಡಿದಂತೆ.

ಪ್ರಕೃತ ವಿಮರ್ಶೆಗೆ ವಿಷಯವಾಗಿರುವ ಬರಹಗಳು ಮೂರು ಬಗೆಯವು. ಮೊದಲನೆಯದು, ಫ್ರೀಡೆಸ್ಕ್‌ಟಾಪ್ ಎಂಬ ಒಕ್ಕೂಟದವರು ೨೦೦೩ರಲ್ಲಿ ಪ್ರಕಟಿಸಿ, ೨೦೧೦ರಲ್ಲಿಯೂ ೨೦೨೧ರಲ್ಲಿಯೂ ಪರಿಷ್ಕರಿಸಿದ ಮೂಲಡೈರೆಕ್ಟರಿಗಳ ನಿಯಮಪತ್ರ. ಎರಡನೆಯದು, ಆ ನಿಯಮಗಳನ್ನು ಆಚರಣೆಗೆ ತರುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ ಕೈಪಿಡಿ. ಮೂರನೆಯದು, ದೂರದಿಂದ ಲಿನಕ್ಸ್ ಗಣಕದೊಳಕ್ಕೆ ಪ್ರವೇಶಿಸುವವರು ತೊಂದರೆಗೆ ಸಿಕ್ಕಾಗ ಒಬ್ಬರಿಂದೊಬ್ಬರಿಗೆ ಹೇಳಿಕೊಳ್ಳುತ್ತ ಬಂದಿರುವ ಪರಿಹಾರಸೂತ್ರಗಳು. ಮೂರನ್ನೂ ಗ್ರಂಥಗಳಂತೆ ಓದಿ, ಅವುಗಳ ಆಶಯವೇನು, ಆಶಯಕ್ಕೂ ಅನುಭವಕ್ಕೂ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ತೋರಿಸುವುದು ಉದ್ದೇಶ. ಇಂಗ್ಲಿಷಿನ ಡೈರೆಕ್ಟರಿ ಎಂಬ ಮಾತಿಗೆ ಇಲ್ಲಿ ಕೋಶವೆಂದು ಬಳಸಲಾಗಿದೆ. ಸೆಷನ್ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದೆ. ಅಧಿವೇಶನವೆಂದರೆ ಓದುಗರ ಮನಸ್ಸು ವಿಧಾನಸಭೆಯ ಕಡೆಗೆ ಹೋಗುವ ಸಂಭವವುಂಟು.

೨

ಈ ವಿಷಯಕ್ಕೆ ನಾನು ಕೈಹಾಕುವಂತೆ ಮಾಡಿದ ಪ್ರಸಂಗವನ್ನು ಮೊದಲು ಹೇಳುವುದು ಉಚಿತ.

ಬೆಂಜಮಿನ್ ಲೂಯಿಸ್ ರೈಸರ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವು ೧೮೯೪ರಲ್ಲಿ ಹೊರಬಂದಿತು. ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಇಂದು ಮದ್ದೂರು ತಾಲ್ಲೂಕಿಗೆ ಸೇರಿರುವ ಆತಕೂರಿನ ಪ್ರಸಿದ್ಧ ವೀರಗಲ್ಲು ಅಲ್ಲಿ ಮಂಡ್ಯದ ಎಣಿಕೆಯೊಳಗೆ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿದ ಆವೃತ್ತಿಯಲ್ಲಾದರೋ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಏಳನೆಯ ಸಂಪುಟದಲ್ಲಿ ಬೇರೆ ಬೇರೆಯಾಗಿ ಎಣಿಸಲಾಗಿದೆ. ಒಂದೇ ಕಲ್ಲಿಗೆ ಎರಡು ವಿಳಾಸಗಳು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆಯನ್ನು ಹೊಂದಿಸಿ, ಪಾಠಭೇದಗಳನ್ನೂ ಸೇರಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ನಾನು ಕೈಗೊಂಡಿದ್ದೆನು. ವಾಸ ಮಂಡ್ಯದ ಗುತ್ತಲಿನಲ್ಲಿ. ಕೆಲಸದ ಲಿನಕ್ಸ್ ಗಣಕವಿದ್ದುದು ದೂರದ ಒಂದು ಸಂಸ್ಥೆಯಲ್ಲಿ. ರಾತ್ರಿಯ ಊಟವಾದ ಮೇಲೆ ಮನೆಯಿಂದಲೇ ದೂರಪ್ರವೇಶದ ಮೂಲಕ ಆ ಗಣಕದ ಪರದೆಯನ್ನು ನನ್ನ ಪರದೆಯ ಮೇಲೆ ತೆರೆದುಕೊಂಡು ಕುಳಿತುಕೊಳ್ಳುವುದು ವಾಡಿಕೆ. ಗುತ್ತಲಿನಲ್ಲಿ ವಿದ್ಯುತ್ತು ಹೋದರೂ ಅಲ್ಲಿಯ ಕೆಲಸ ನಿಲ್ಲುವುದಿಲ್ಲ. ಮರುದಿನ ಪ್ರವೇಶಿಸಿದರೆ ಬಿಟ್ಟ ಸಾಲು ಬಿಟ್ಟಲ್ಲಿಯೇ ಮಿನುಗುತ್ತಿರುತ್ತದೆ. ಈ ಅನುಕೂಲವೇ ಮುಂದೆ ಅನರ್ಥಕ್ಕೆ ಕಾರಣವಾಯಿತು.

ಆ ಗಣಕದಲ್ಲಿ ನಮ್ಮ ಕೆಲಸಕ್ಕೆಂದು ಒಂದೇ ಬಳಕೆದಾರನ ಹೆಸರಿದ್ದಿತು. ನಾನೂ ನೆರವಿಗಿದ್ದ ವಿದ್ಯಾರ್ಥಿಯೂ ಅದೇ ಹೆಸರಿನಿಂದ ಪ್ರವೇಶಿಸುತ್ತಿದ್ದೆವು. ಮೂರು ರಾತ್ರಿಗಳ ಕೆಲಸವಾದ ಮೇಲೆ, ನಾಲ್ಕನೆಯ ರಾತ್ರಿ ನೋಡಿದರೆ ಪಟ್ಟಿಯೂ ಇಲ್ಲ, ಅದರ ಜೊತೆಗಿದ್ದ ಚಿತ್ರಗಳೂ ಇಲ್ಲ. ಬೆಳಗ್ಗೆ ಆ ಹುಡುಗನು ಗಣಕದಲ್ಲಿ ಕುಳಿತಿದ್ದನೆಂದು ತಿಳಿಯಿತು. "ಏನಪ್ಪಾ, ಏನನ್ನಾದರೂ ಅಳಿಸಿದೆಯಾ?" ಎಂದು ಕೇಳಿದೆನು. "ಇಲ್ಲ ಸಾರ್, ಏನನ್ನೂ ಮುಟ್ಟಲಿಲ್ಲ, ಲಾಗೌಟ್ ಮಾತ್ರ ಮಾಡಿದೆ" ಎಂದನು. ನಾನು ಅವನ ಮಾತನ್ನು ನಂಬಲಿಲ್ಲ. ಅಳಿಸದೆ ಅಳಿಯುವುದೆಂತು ಎಂದೇ ನನ್ನ ತರ್ಕವಾಗಿದ್ದಿತು. ಎರಡು ವಾರಗಳ ಕಾಲ ಆ ಹುಡುಗನು ಅಪರಾಧಿಯಂತೆ ನಮ್ಮ ಮುಂದೆ ಓಡಾಡಿದನು.

೩

ಕನ್ನಡದಲ್ಲಿ ಫೈಲ್ ಎಂಬುದಕ್ಕೆ ಕಡತವೆನ್ನುತ್ತೇವೆ. ಆದರೆ ಕಡತವೆಂದರೆ ಮೂಲತಃ ಏನು? ಹತ್ತಿಯ ಬಟ್ಟೆಗೆ ಇದ್ದಿಲಪುಡಿಯನ್ನೂ ಅಂಟನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಶಾನುಭೋಗರ ಲೆಕ್ಕಗಳೂ ವರ್ತಕರ ಬಾಬುಗಳೂ ಅದರಲ್ಲಿರುತ್ತಿದ್ದವು. ೧೮೧೦ರಲ್ಲಿ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟವನ್ನು ಹೊರತಂದ ಮಾರ್ಕ್ ವಿಲ್ಕ್ಸನು ಈ ಕಡತವನ್ನು ವರ್ಣಿಸುತ್ತ, ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದೆಂಬುದನ್ನು ಗಮನಿಸಿದ್ದಾನೆ. ಎಂದಮೇಲೆ, ಇಂದು ನಾವು ಶಾಶ್ವತವೆಂದು ನೆಚ್ಚುವ ವಸ್ತುವಿಗೆ ಇಟ್ಟಿರುವ ಹೆಸರು ಒರೆಸಬಹುದಾದ ವಸ್ತುವಿನದು. ಇನ್ನೊಂದು ಕಡೆ ಶಿಲಾಶಾಸನವಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆ ಹತ್ತನೆಯ ಶತಮಾನದ ನಡುವೆ ಆತಕೂರಿನ ಕಲ್ಲಿನ ಮೇಲೇರಿದುದು ಇಂದಿಗೂ ಅಳಿದಿಲ್ಲ.

ನಿಯಮಪತ್ರದ ಹೆಗ್ಗಳಿಕೆಯೆಂದರೆ, ಗಣಕದ ಬರಹಗಳಲ್ಲಿಯೂ ಕಡತ ಯಾವುದು, ಶಾಸನ ಯಾವುದು ಎಂದು ಅದು ವಿಂಗಡಿಸಿದುದು. ಬಳಕೆದಾರನ ಆಯ್ಕೆಗಳಿಗೆ ಒಂದು ಕೋಶ, ಉಳಿಯಬೇಕಾದ ದತ್ತಾಂಶಕ್ಕೆ ಒಂದು, ಕಳೆದುಹೋದರೂ ಮತ್ತೆ ತಯಾರಿಸಿಕೊಳ್ಳಬಹುದಾದುದಕ್ಕೆ ಒಂದು. ೨೦೨೧ರ ಪರಿಷ್ಕರಣದಲ್ಲಿ ತಂತ್ರಾಂಶದ ಸ್ಥಿತಿಗತಿಯ ದಾಖಲೆಗೆ ಇನ್ನೊಂದು. ಇವೆಲ್ಲವೂ ಬಳಕೆದಾರನ ಮನೆಕೋಶದಲ್ಲಿರತಕ್ಕವು. ೨೦೧೦ರಲ್ಲಿ ಸೇರಿಸಿದುದು ಮಾತ್ರ ಬೇರೆ ಜಾತಿಯದು. ಎಕ್ಸ್‌ಡಿಜಿ ರನ್‌ಟೈಮ್ ಡೈರ್ ಎಂದು ಅದರ ಹೆಸರು. ಸಾಮಾನ್ಯವಾಗಿ /ರನ್/ಯೂಸರ್/೧೦೦೦ ಎಂಬ ವಿಳಾಸದಲ್ಲಿ ಇರುತ್ತದೆ. ಕೊನೆಯ ಅಂಕಿ ಬಳಕೆದಾರನ ಸಂಖ್ಯೆ. ಇಂದಿನ ಬಹುತೇಕ ಲಿನಕ್ಸ್ ಹಂಚಿಕೆಗಳಲ್ಲಿ ಸಾಮಾನ್ಯ ಬಳಕೆದಾರರ ಎಣಿಕೆ ೧೦೦೦ದಿಂದ ತೊಡಗುತ್ತದೆ. ಇದೇ ಸೆಷನ್ ಕೋಶ.

ಇದರ ನಿಯಮಗಳು ಸ್ಪಷ್ಟವಾಗಿವೆ. ಕೋಶವು ಬಳಕೆದಾರನದೇ ಆಗಿರಬೇಕು. ಅವನ ಹೊರತು ಬೇರೆಯವರು ಓದಲೂ ಬರೆಯಲೂ ಆಗಬಾರದು. ಮೊದಲ ಪ್ರವೇಶದೊಡನೆ ಅದು ಹುಟ್ಟಬೇಕು. ಅದೇ ಹೆಸರಿನವನು ಎಷ್ಟು ಸಲ ಪ್ರವೇಶಿಸಿದರೂ ಅದೇ ಕೋಶ ದೊರೆಯಬೇಕು. ಕೊನೆಯ ನಿರ್ಗಮನವಾದೊಡನೆ ಅಳಿಯಬೇಕು. ಅದರೊಳಗಿನ ಯಾವುದೂ ಪೂರ್ಣ ನಿರ್ಗಮನವನ್ನು ದಾಟಿ ಬದುಕಕೂಡದು. ದೊಡ್ಡ ಬರಹಗಳನ್ನು ಅಲ್ಲಿ ಇಡಬಾರದೆಂದೂ ಎಚ್ಚರಿಕೆಯಿದೆ. ಇದಕ್ಕೆ ಮೊದಲು ತಂತ್ರಾಂಶಗಳು ತಮ್ಮ ಸಂಪರ್ಕದ್ವಾರಗಳನ್ನು ಎಲ್ಲರಿಗೂ ತೆರೆದಿದ್ದ ತಾತ್ಕಾಲಿಕ ಕೋಶದಲ್ಲಿ ಎಸೆಯುತ್ತಿದ್ದವು. ಕಪಟಿಯೊಬ್ಬನು ಅದೇ ಹೆಸರನ್ನು ಮುಂಚೆಯೇ ಹಿಡಿದು ಮೋಸಮಾಡಲು ಎಡೆಯಿದ್ದಿತು. ಆ ದೋಷವನ್ನು ಈ ವ್ಯವಸ್ಥೆ ನಿವಾರಿಸಿತೆಂಬುದನ್ನು ಮೆಚ್ಚಲೇಬೇಕು.

ಆದರೂ ಎರಡು ಆಕ್ಷೇಪಣೆಗಳಿಗೆ ಎಡೆಯಿದೆ. ಮೊದಲನೆಯದಾಗಿ, ಈ ಕೋಶದ ವಿಳಾಸ ಗೊತ್ತುಮಾಡಿರದಿದ್ದಾಗ ತಂತ್ರಾಂಶವು ಬೇರೊಂದು ಸ್ಥಳವನ್ನು ಹುಡುಕಿಕೊಂಡು ಎಚ್ಚರಿಕೆಯ ಮಾತೊಂದನ್ನು ಮುದ್ರಿಸಬೇಕೆಂದು ನಿಯಮಪತ್ರವು ಹೇಳುತ್ತದೆ. ಕೋಶವು ತನ್ನೊಳಗಿನ ಬರಹಗಳ ಸಮೇತ ಅಳಿಯುವಾಗ ಬಳಕೆದಾರನಿಗೆ ಒಂದು ಮಾತನ್ನು ಹೇಳಬೇಕೆಂದು ಮಾತ್ರ ಎಲ್ಲಿಯೂ ವಿಧಿಸುವುದಿಲ್ಲ. ಯಂತ್ರದ ತೊಡಕಿಗೆ ಎಚ್ಚರಿಕೆ. ಮನುಷ್ಯನ ನಷ್ಟಕ್ಕೆ ಮೌನ. ಎರಡನೆಯದಾಗಿ, ಪ್ರವೇಶ, ನಿರ್ಗಮನ ಎಂಬ ಎರಡೇ ಘಟನೆಗಳನ್ನು ಅದು ಬಲ್ಲದು. ದೂರಪ್ರವೇಶದಲ್ಲಿ ಮೂರನೆಯದೊಂದಿದೆ: ಸಂಪರ್ಕ ಕಡಿಯುವುದು. ಕಿಟಕಿಯನ್ನು ಮುಚ್ಚಿದವನು ತಾನು ಹೊರಬಂದೆನೆಂದು ತಿಳಿಯುತ್ತಾನೆ. ಗಣಕದ ದೃಷ್ಟಿಯಲ್ಲಿ ಅವನು ಇನ್ನೂ ಒಳಗಿದ್ದಾನೆ.

ಇದಕ್ಕೆ ಸಮಾಧಾನ ಹೇಳಬಹುದು. ನಿಯಮಪತ್ರವು ತಂತ್ರಾಂಶಕಾರರಿಗಾಗಿ ಬರೆದುದು. ನಮ್ಮಂಥವರ ಪಟ್ಟಿಗಳು ಅಲ್ಲಿಗೆ ಹೋಗಲೆಂದು ಅದು ಎಂದೂ ಆಶಿಸಿರಲಿಲ್ಲ. ಈ ವಾದ ದುರ್ಬಲವಾದುದಲ್ಲ. ನಮ್ಮ ಪ್ರಸಂಗದಲ್ಲಿ ಆದುದೂ ಅದೇ. ಬಳಕೆದಾರರ ತಾತ್ಕಾಲಿಕ ಬರಹಗಳು ಪರಸ್ಪರ ಗೋಪ್ಯವಾಗಿರಲೆಂಬ ಒಳ್ಳೆಯ ಉದ್ದೇಶದಿಂದ, ಆ ಗಣಕದ ಮೇಲ್ವಿಚಾರಕರು ತಾತ್ಕಾಲಿಕ ಬರಹಗಳ ಸ್ಥಳವನ್ನು ಸೆಷನ್ ಕೋಶಕ್ಕೆ ತಿರುಗಿಸಿದ್ದರು. ನಾನು ಬಳಸುತ್ತಿದ್ದ ಚಿತ್ರಸಂಸ್ಕರಣದ ತಂತ್ರಾಂಶವು ಪಟ್ಟಿಯನ್ನೂ ಅಲ್ಲಿಯೇ ಇಡುತ್ತಿದ್ದಿತು. ಎಲ್ಲಿ ಇಡುತ್ತಿದೆಯೆಂದು ನಾನು ಕೇಳಲಿಲ್ಲ. ಶಾಸನವೆಂದು ಬರೆದುದು ಕಡತದ ಮೇಲಿದ್ದಿತು.

೪

ಸಿಸ್ಟಮ್‌ಡಿಯ ಕೈಪಿಡಿಯು ಬರಹದ ದೃಷ್ಟಿಯಿಂದ ನಿಯಮಪತ್ರಕ್ಕಿಂತ ವಿವರವಾದುದು, ಆದರೆ ಅಷ್ಟೇ ಚದುರಿದುದು. ಒಂದು ಘಟನೆಯನ್ನು ಅರಿಯಲು ಮೂರು ನಾಲ್ಕು ಪ್ರಕರಣಗಳನ್ನು ಜೋಡಿಸಿಕೊಳ್ಳಬೇಕಾಗುತ್ತದೆ. ಜೋಡಿಸಿದಾಗ ದೊರೆಯುವ ಚಿತ್ರವಿಷ್ಟು. ಪ್ರವೇಶಕಾಲದಲ್ಲಿ ಗುರುತನ್ನು ಪರೀಕ್ಷಿಸುವ ಪ್ಯಾಮ್ ಎಂಬ ವ್ಯವಸ್ಥೆಯುಂಟು. ಅದರ ಸರಣಿಯಲ್ಲಿ ಪ್ಯಾಮ್ ಸಿಸ್ಟಮ್‌ಡಿ ಎಂಬ ಕೊಂಡಿಯಿದ್ದರೆ, ಲಾಗಿನ್‌ಡಿ ಎಂಬ ದ್ವಾರಪಾಲಕನ ದಫ್ತರದಲ್ಲಿ ಸೆಷನ್ ದಾಖಲಾಗುತ್ತದೆ. ಸೆಷನ್ ಕೋಶ ಹುಟ್ಟುತ್ತದೆ. ಆ ಕೋಶವು ತಟ್ಟೆಯ ಮೇಲಿರುವುದಲ್ಲ, ಗಣಕದ ಸ್ಮೃತಿಯಲ್ಲಿರುವುದು. ಬೇರೆ ಏರ್ಪಾಡಿಲ್ಲದಿದ್ದರೆ ಅದರ ಮಿತಿ ಸ್ಮೃತಿಯ ನೂರಕ್ಕೆ ೧೦ರಷ್ಟು. ಎಂಟು ಗಿಗಾಬೈಟ್ ಸ್ಮೃತಿಯ ಗಣಕದಲ್ಲಿ ಸುಮಾರು ೮೦೦ ಮೆಗಾಬೈಟ್. ಇದರಿಂದಲೇ, ತಟ್ಟೆಯಲ್ಲಿ ಬೇಕಾದಷ್ಟು ಸ್ಥಳವಿದ್ದರೂ ಎರಡನೆಯ ರಾತ್ರಿ ನನಗೆ ಸ್ಥಳವಿಲ್ಲವೆಂಬ ಸೂಚನೆ ಬಂದುದು. ಶಾಸನಗಳ ಚಿತ್ರಗಳು ಸ್ಮೃತಿಯ ಪಾಲನ್ನು ತುಂಬಿಬಿಟ್ಟಿದ್ದವು. ಕೆಲವು ಚಿತ್ರಗಳನ್ನು ತೆಗೆದುಹಾಕಿ ನಾನು ಮುಂದುವರಿದೆನೇ ಹೊರತು ಆ ಸೂಚನೆಯ ಅರ್ಥವನ್ನು ವಿಚಾರಿಸಲಿಲ್ಲ. ಆಕರವು ಮಾತಾಡಿದಾಗ ಕಿವಿಗೊಡದ ಈ ತಪ್ಪು ನನ್ನದು.

ಕೊನೆಯ ನಿರ್ಗಮನವಾದ ಮೇಲೆ, ಬೇರೆ ಏರ್ಪಾಡಿಲ್ಲದಿದ್ದರೆ, ೧೦ ಸೆಕೆಂಡುಗಳ ಕಾಲ ಕಾದು ಸಿಸ್ಟಮ್‌ಡಿಯು ಬಳಕೆದಾರನ ಸೇವೆಗಳನ್ನು ನಿಲ್ಲಿಸುತ್ತದೆ, ಕೋಶವೂ ಹೋಗುತ್ತದೆ. ಬಳಕೆದಾರನಿಗೆ ಲಿಂಗರ್ ಎಂಬ ಅನುಮತಿಯನ್ನು ಕೊಟ್ಟಿದ್ದರೆ ಅವನಿಲ್ಲದಾಗಲೂ ಅದು ಉಳಿಯುತ್ತದೆ. ಹಾಗೆಂದು ಲಿಂಗರನ್ನು ಉಳಿತಾಯದ ಉಪಾಯವೆಂದು ಎಣಿಸತಕ್ಕದ್ದಲ್ಲ. ಗಣಕವನ್ನು ನಿಲ್ಲಿಸಿ ಹೊರಡಿಸಿದರೆ ಸ್ಮೃತಿಯಲ್ಲಿದ್ದುದೆಲ್ಲ ಹೋಗುವುದೇ.

ಇನ್ನು ದೂರಪ್ರವೇಶಕ್ಕೆ ಬರೋಣ. ಲಿನಕ್ಸಿನಲ್ಲಿ ಇದಕ್ಕೆ ಎಕ್ಸ್‌ಆರ್‌ಡಿಪಿ ಎಂಬ ತಂತ್ರಾಂಶ ಪ್ರಚಾರದಲ್ಲಿದೆ. ಮೈಕ್ರೋಸಾಫ್ಟಿನವರ ದೂರಪ್ರವೇಶಕ್ರಮವನ್ನು ಅರ್ಥಮಾಡಿಕೊಂಡು ಲಿನಕ್ಸಿನ ಪರದೆಯನ್ನು ದೂರಕ್ಕೆ ಒಯ್ಯುವುದು ಅದರ ಕೆಲಸ. ಬಂದವನಿಗೆ ಹಳೆಯ ಸೆಷನ್ ಇದ್ದರೆ ಅದನ್ನೇ ಕೊಡಬೇಕೋ ಹೊಸದನ್ನು ತೆರೆಯಬೇಕೋ ಎಂಬುದನ್ನು ಅದರ ಸೆಸ್‌ಮ್ಯಾನ್ ಎಂಬ ಭಾಗವು ನಿರ್ಣಯಿಸುತ್ತದೆ. ರೂಢಿಯ ಏರ್ಪಾಡಿನಲ್ಲಿ ಅದು ನೋಡುವುದು ಬಳಕೆದಾರನ ಹೆಸರನ್ನೂ ಪರದೆಯ ವರ್ಣಪ್ರಮಾಣವನ್ನೂ ಮಾತ್ರ. ಹೆಸರೂ ವರ್ಣಪ್ರಮಾಣವೂ ಒಂದೇ ಆದರೆ, ಬಂದವನು ಯಾರೇ ಆಗಲಿ, ಹಳೆಯ ಸೆಷನ್ನೇ ತೆರೆಯುತ್ತದೆ. ವರ್ಣಪ್ರಮಾಣ ಬೇರೆಯಾದರೆ ಅದೇ ಮನುಷ್ಯನಿಗೂ ಹೊಸ ಸೆಷನ್. ತನ್ನ ಹಳೆಯ ಕೆಲಸವೆಲ್ಲ ಮಾಯವಾಯಿತೆಂದು ಅವನು ಗಾಬರಿಯಾಗುವುದು ಸಹಜ. ಅದು ಪಕ್ಕದ ಕೋಣೆಯಲ್ಲಿ ಕ್ಷೇಮವಾಗಿಯೇ ಇರುತ್ತದೆ.

ನಮ್ಮಲ್ಲಿ ನಡೆದುದು ಈಗ ವಿಶದವಾಗುತ್ತದೆ. ರಾತ್ರಿ ನಾನು ಕಿಟಕಿಯನ್ನು ಮುಚ್ಚಿ ಮಲಗಿದೆನು. ಸೆಷನ್ ತೆರೆದೇ ಇದ್ದಿತು. ಬೆಳಗ್ಗೆ ವಿದ್ಯಾರ್ಥಿಯು ಅದೇ ಹೆಸರಿನಿಂದ ಪ್ರವೇಶಿಸಿದಾಗ ಅವನಿಗೆ ದೊರೆತುದು ನನ್ನ ಸೆಷನ್. ತನ್ನ ಕೆಲಸ ಮುಗಿಸಿ, ಕೆಲಸವಾದ ಮೇಲೆ ಲಾಗೌಟ್ ಮಾಡಬೇಕೆಂದು ನಾವೇ ಹೇಳಿಕೊಟ್ಟಿದ್ದಂತೆ, ಅವನು ಲಾಗೌಟ್ ಮಾಡಿದನು. ಕೊನೆಯ ನಿರ್ಗಮನವಾಯಿತು, ಕೋಶ ಅಳಿಯಿತು. ಅವನು ಏನನ್ನೂ ಅಳಿಸಲಿಲ್ಲವೆಂಬುದು ಅಕ್ಷರಶಃ ಸತ್ಯವಾಗಿದ್ದಿತು. ಮೂರು ರಾತ್ರಿಯೂ ಶಿಸ್ತನ್ನು ಮುರಿದವನು ನಾನು. ಶಿಸ್ತನ್ನು ಪಾಲಿಸಿದವನು ಅವನು.

೫

ಮೂರನೆಯ ಬಗೆಯ ಬರಹಗಳಾದ ಪರಿಹಾರಸೂತ್ರಗಳನ್ನು ಕುರಿತು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ದೂರದಿಂದ ಪ್ರವೇಶಿಸಿದಾಗ ಪರದೆ ಬರಿಯ ಕಪ್ಪಾಗಿ ಉಳಿಯುವ ತೊಂದರೆ ಬಹಳ ಮಂದಿಗೆ ಅನುಭವವಿದೆ. ಇದಕ್ಕೆ ಹೇಳುವ ಪ್ರಸಿದ್ಧ ಔಷಧವೆಂದರೆ, ಎಕ್ಸ್‌ಆರ್‌ಡಿಪಿಯು ಪರದೆಯನ್ನು ಹೂಡುವ ಬರಹದಲ್ಲಿ ಎರಡು ಸಾಲುಗಳನ್ನು ಸೇರಿಸಿ, ಸೆಷನ್ ಕೋಶದ ವಿಳಾಸವನ್ನೂ ಡಿಬಸ್ ಎಂಬ ಸಂದೇಶವಾಹಿನಿಯ ವಿಳಾಸವನ್ನೂ ಮರೆಸಿಬಿಡುವುದು. ಅನೇಕ ವೇಳೆ ಪರದೆ ಬರುತ್ತದೆ. ರೋಗಿ ಎದ್ದು ಕುಳಿತನೆಂದು ವೈದ್ಯರು ಹೊರಟುಹೋಗುತ್ತಾರೆ.

ಆದರೆ ರೋಗದ ನಿದಾನವೇನು? ಸಾಮಾನ್ಯವಾಗಿ ಅದೇ ಬಳಕೆದಾರನು ಗಣಕದ ಎದುರಿನಲ್ಲಿಯೂ ಪ್ರವೇಶಿಸಿರುತ್ತಾನೆ. ಸೆಷನ್ ಕೋಶವೂ ಸಂದೇಶವಾಹಿನಿಯೂ ಒಂದು ಹೆಸರಿಗೆ ಒಂದೊಂದೇ. ಅವುಗಳನ್ನು ಹಂಚಿಕೊಂಡು ಒಂದೇ ಹೆಸರಿನ ಎರಡು ಪೂರ್ಣ ಪರದೆಗಳು ಬಾಳಲಾರವು. ವಿಳಾಸವನ್ನು ಮರೆಸಿದಾಗ ಹೊಸ ಪರದೆಯು ಬೇರೊಂದು ವಾಹಿನಿಯನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಧ್ವನಿ ಕೇಳಿಸದು. ಗುಪ್ತಪದಗಳ ಪೆಟ್ಟಿಗೆ ತೆರೆಯದು. ಸೆಷನ್ ಕೋಶವನ್ನು ನಂಬಿದ ತಂತ್ರಾಂಶಗಳು ಒಂದೊಂದಾಗಿ ಮುಗ್ಗರಿಸುತ್ತವೆ. ಈ ಹೊಸ ತೊಂದರೆಗಳಿಗೂ ಹಳೆಯ ಔಷಧಕ್ಕೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಎದುರಿನ ಸೆಷನ್ನಿನಿಂದ ನಿರ್ಗಮಿಸಿ ಬಂದರೆ ಸಾಕಾಗಿದ್ದ ಕಡೆ ವ್ಯವಸ್ಥೆಯನ್ನೇ ಕುರುಡುಮಾಡಿದಂತಾಯಿತು. ತಾಳೆಯಾಗದ ಶಾಸನವನ್ನು ಕೂಟಶಾಸನವೆಂದು ತಳ್ಳಿ ಕಾಲಗಣನೆಯನ್ನು ಸರಿಪಡಿಸಿಕೊಳ್ಳುವ ವಿದ್ವಾಂಸರ ಮಾರ್ಗವೂ ಇದೇ ತೆರನಾದುದು.

ಎಲ್ಲ ಸೂತ್ರಗಳೂ ಹೀಗಿವೆಯೆಂದಲ್ಲ. ಪರರ ಅಧಿಕಾರವನ್ನು ಧರಿಸಲು ಬಳಸುವ ಸು ಎಂಬ ಆಜ್ಞೆಯನ್ನು ಪೂರ್ಣ ಪ್ರವೇಶದ ರೂಪದಲ್ಲಿಯೇ ಕೊಡಬೇಕೆಂಬ ಸೂತ್ರವು ಸರ್ವಥಾ ಗ್ರಾಹ್ಯ. ಅರೆಬರೆಯಾಗಿ ಕೊಟ್ಟರೆ ಹಳೆಯ ಬಳಕೆದಾರನ ಕೋಶದ ವಿಳಾಸ ಉಳಿದುಕೊಂಡು, ಮೇಲಧಿಕಾರಿಯ ಹೆಸರಿನ ಬರಹಗಳು ಅವನ ಕೋಶದಲ್ಲಿ ಬೀಳುತ್ತವೆ. ಮುಂದೆ ತನ್ನ ಮನೆಯಲ್ಲಿಯೇ ಅವನಿಗೆ ಅನುಮತಿಯಿಲ್ಲವೆಂಬ ಉತ್ತರ ದೊರೆಯುತ್ತದೆ.

೬

ಹಾಗಾದರೆ ಸರಿಯಾದ ಪರೀಕ್ಷಾಕ್ರಮವೇನು? ಸಾಕ್ಷ್ಯಗಳನ್ನು ಕೆಡಿಸದೆ, ಹೊರಗಿನಿಂದ ಒಳಕ್ಕೆ ಹೋಗುವುದೇ ಕ್ರಮ.

ಮೊದಲು ಲಾಗಿನ್‌ಸಿಟಿಎಲ್ ಎಂಬ ಆಜ್ಞೆಯಿಂದ ದ್ವಾರಪಾಲಕನ ದಫ್ತರವನ್ನು ನೋಡಬೇಕು. ಯಾವ ಹೆಸರಿಗೆ ಎಷ್ಟು ಸೆಷನ್ನುಗಳಿವೆ, ಎದುರಿನವೆಷ್ಟು, ದೂರದವೆಷ್ಟು ಎಂಬುದು ಅಲ್ಲಿದೆ. ದೂರದಿಂದ ಬಂದವನ ಸೆಷನ್ ದಫ್ತರದಲ್ಲಿಯೇ ಇಲ್ಲದಿದ್ದರೆ, ಸೆಸ್‌ಮ್ಯಾನಿಗೆ ಸಂಬಂಧಿಸಿದ ಪ್ಯಾಮ್ ಸರಣಿಯಲ್ಲಿ ಸಿಸ್ಟಮ್‌ಡಿಯ ಕೊಂಡಿ ತಪ್ಪಿದೆಯೆಂದು ಊಹಿಸಬಹುದು. ಎರಡನೆಯದಾಗಿ, ಕೋಶವಿದೆಯೇ, ಅದರ ಒಡೆಯನಾರು, ಅದು ತುಂಬಿದೆಯೇ ಎಂಬ ಮೂರು ಪ್ರಶ್ನೆಗಳು. ಮೂರನೆಯದಾಗಿ, ಮನೆಕೋಶದಲ್ಲಿ ಎಕ್ಸ್‌ಅಥಾರಿಟಿ ಮೊದಲಾದ ಗುರುತುಚೀಟಿಗಳು ಬಳಕೆದಾರನ ಹೆಸರಿನಲ್ಲಿಯೇ ಇವೆಯೇ ಎಂಬುದು. ಅಂತ್ಯದಲ್ಲಿ, ಗಣಕದ ದಿನಚರಿಯನ್ನೂ ಸೆಸ್‌ಮ್ಯಾನಿನ ದಾಖಲೆಯನ್ನೂ ಕಾಲಾನುಕ್ರಮದಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು. ನಮ್ಮ ಪ್ರಸಂಗದಲ್ಲಿ ಬೆಳಗಿನ ನಿರ್ಗಮನವೂ ಅದರ ಬೆನ್ನಿಗೇ ಕೋಶದ ನಾಶವೂ ಕಂಡುದು ಈ ಓದಿನಿಂದಲೇ. ಆ ದಾಖಲೆ ಎರಡು ವಾರಗಳ ಕಾಲವೂ ಅಲ್ಲಿಯೇ ಇದ್ದಿತು.

ಇನ್ನೊಂದು ಕೋಶದ ವಿಚಾರವನ್ನೂ ಹೇಳಬೇಕು. ಎಕ್ಸ್‌ಆರ್‌ಡಿಪಿಯಿಂದ ಬಂದವನ ಮನೆಕೋಶದಲ್ಲಿ ಥಿನ್‌ಕ್ಲೈಂಟ್ ಡ್ರೈವ್ಸ್ ಎಂಬುದೊಂದು ಕಾಣಿಸಿಕೊಳ್ಳುವುದುಂಟು. ಅದು ನಿಜವಾದ ಕೋಶವಲ್ಲ. ದೂರದಲ್ಲಿ ಕುಳಿತವನ ಗಣಕದ ತಟ್ಟೆಗೆ ತೆರೆದ ಬಾಗಿಲು. ಸಂಪರ್ಕವು ಅಕಾಲದಲ್ಲಿ ಮುರಿದರೆ ಬಾಗಿಲು ಅರ್ಧಕ್ಕೆ ನಿಂತು, ಪಟ್ಟಿಯಲ್ಲಿ ಅದರ ವಿವರಗಳ ಸ್ಥಳದಲ್ಲಿ ಪ್ರಶ್ನಚಿಹ್ನೆಗಳು ಕಾಣುತ್ತವೆ. ಮೇಲಧಿಕಾರಿಯಾದ ರೂಟನಿಗೂ ಅಲ್ಲಿ ಪ್ರವೇಶವಿರುವುದಿಲ್ಲವಾಗಿ, ರಾತ್ರಿಯ ಪ್ರತಿ ತೆಗೆಯುವ ತಂತ್ರಾಂಶ ಅಲ್ಲಿ ಎಡವುತ್ತದೆ. ಕೋಪದಿಂದ ಅದನ್ನು ಅಳಿಸಹೊರಡುವುದು ಅಪಾಯಕರ. ಬಾಗಿಲು ಜೀವಂತವಾಗಿದ್ದರೆ ದೂರದ ತಟ್ಟೆಯ ಬರಹಗಳೇ ಅಳಿದಾವು. ಫ್ಯೂಸರ್‌ಮೌಂಟ್ ಎಂಬ ಆಜ್ಞೆಯಿಂದ ಬಾಗಿಲನ್ನು ಕಳಚುವುದೇ ಮಾರ್ಗ.

೭

ಒಟ್ಟಿನಲ್ಲಿ ನಿಯಮಪತ್ರವು ವಿಚಾರದಲ್ಲಿ ದೃಢವಾದುದು, ಮನುಷ್ಯಪರಿಜ್ಞಾನದಲ್ಲಿ ಕೊರತೆಯುಳ್ಳದ್ದು. ಕೈಪಿಡಿಯು ಪ್ರಾಮಾಣಿಕವಾದುದು, ಚದುರಿದುದು. ಪರಿಹಾರಸೂತ್ರಗಳು ಉಪಕಾರಬುದ್ಧಿಯವು, ನಿದಾನವಿಲ್ಲದವು ಎಂಬುದು ನಮ್ಮ ಮತ. ಮೂರಕ್ಕೂ ಸಮಾನವಾದ ಒಂದು ಊಹೆಯಿದೆ: ಒಂದು ಹೆಸರೆಂದರೆ ಒಬ್ಬ ಮನುಷ್ಯ. ಈ ಊಹೆಯನ್ನು ಸುಳ್ಳುಮಾಡಿದವರು ನಾವು. ಕರ್ನಾಟಕದ ಭೂಮಿ ಯೋಜನೆಯವರು ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ದಾಖಲೆಯನ್ನು ತಿದ್ದುವ ಸಿಬ್ಬಂದಿಯು ಬೆರಳಿನ ಗುರುತನ್ನು ಕೊಟ್ಟೇ ಪ್ರವೇಶಿಸಬೇಕೆಂದು ವಿಧಿಸಿದರು. ಯಾರು ಮಾಡಿದರೆಂಬ ಪ್ರಶ್ನೆಗೆ ಮುಂದೆ ಉತ್ತರ ದೊರೆಯಬೇಕೆಂಬುದೇ ಅದರ ಹುರುಳು. ಅಷ್ಟು ದೂರ ಹೋಗದಿದ್ದರೂ, ಸಂಶೋಧನೆಯ ಗಣಕದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಹೆಸರು ಇರಬೇಕು; ತಾತ್ಕಾಲಿಕ ಬರಹಗಳ ಸ್ಥಳವನ್ನು ಸೆಷನ್ ಕೋಶಕ್ಕೆ ತಿರುಗಿಸಕೂಡದು; ಸಂಪರ್ಕ ಕಡಿಯುವುದಕ್ಕೂ ನಿರ್ಗಮಿಸುವುದಕ್ಕೂ ಇರುವ ಭೇದವನ್ನು ಕನ್ನಡದಲ್ಲಿ ಒಂದು ಪುಟವಾಗಿ ಬರೆದು ಗಣಕದ ಪಕ್ಕದಲ್ಲಿ ಅಂಟಿಸಬೇಕು. ಇವು ಮೂರೂ ಖರ್ಚಿಲ್ಲದ ಕೆಲಸಗಳು.

ಪಟ್ಟಿಯನ್ನು ನಾನು ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ. ಈ ಸಲ ಮನೆಕೋಶದಲ್ಲಿ. ನಷ್ಟವಾದ ಮೂರು ರಾತ್ರಿಗಳು ದೊಡ್ಡವಲ್ಲ. ಆಧಾರವನ್ನು ನೋಡದೆ ಒಬ್ಬನ ಮೇಲೆ ತಪ್ಪು ಹೊರಿಸಿದ ಎರಡು ವಾರಗಳು ದೊಡ್ಡವು. ಕಾಣದಿರುವ ದಾಖಲೆಯನ್ನು ಯಾರೋ ನಾಶಪಡಿಸಿರಬೇಕೆಂದು ಊಹಿಸಕೂಡದೆಂದು ತರಗತಿಯಲ್ಲಿ ವರ್ಷ ವರ್ಷವೂ ಬೋಧಿಸುವವನು ನಾನೇ. ವಿದ್ಯಾರ್ಥಿಯಲ್ಲಿ ಕ್ಷಮೆ ಕೇಳಿದ್ದಾಗಿದೆ. ಹೊಸ ಪಟ್ಟಿಯು ಅಚ್ಚಾಗುವಾಗ ಅದರ ಮೇಲೆ ಅವನ ಹೆಸರೂ ನನ್ನ ಹೆಸರಿನೊಡನೆ ಇರತಕ್ಕದ್ದು.